ಬೋರ್ ನೀರು ಬೇಡ: ಹ್ಯಾಂಕ್ ವಿಲಿಯಮ್ಸ್ ಹಳೇ ಎಲ್‌ಪಿ ತೊಳೆದು ಕೇಳುವ ಬಗೆ

ಅಮೆರಿಕದ ಕಂಟ್ರಿ ಹಾಡುಗಾರ ಹ್ಯಾಂಕ್ ವಿಲಿಯಮ್ಸ್ ತೀರಿಕೊಂಡದ್ದು 1953ರ ಜನವರಿ 1ರಂದು, 29ನೇ ವಯಸ್ಸಿಗೆ. ಆತ ಹಾಡಿಟ್ಟು ಹೋದದ್ದೆಲ್ಲ ಮೋನೋ, ಅಂದರೆ ಎಡಬಲ ಎರಡರಲ್ಲೂ ಒಂದೇ ದನಿ. ಸಂಕಲನದ ಕವರಿನ ಮೇಲೆ ‘ಸ್ಟೀರಿಯೋ’ ಎಂದಿದ್ದರೆ ಅದು ಆಮೇಲಿನ ಕೈಚಳಕ; ಒಂದೇ ದನಿಯನ್ನು ಎಡಬಲಕ್ಕೆ ಬೇರೆ ಬೇರೆ ಥರ ತಿದ್ದಿ ಹಂಚಿರುತ್ತಾರೆ. ಆಂಪ್ಲಿಫೈಯರ್‌ನ ಮೋನೋ ಸ್ವಿಚ್ ಒತ್ತಿದರೆ ಅಷ್ಟಿಷ್ಟು ಸರಿಹೋಗುತ್ತದೆ. ಕೊಳ್ಳುವುದಾದರೆ 1978ರ ‘40 ಗ್ರೇಟೆಸ್ಟ್ ಹಿಟ್ಸ್’ ಜೋಡಿ ಪ್ಲೇಟೇ ವಾಸಿ. ಅದರಲ್ಲಿ ಮೋನೋ ಮೋನೋ ಆಗಿಯೇ ಉಳಿದಿದೆ.

ಆದರೆ ಅಲ್ಲಿ ಒಂದೊಂದು ಮುಖಕ್ಕೆ 10 ಹಾಡು. ಅಷ್ಟನ್ನು ಹಿಡಿಸಲು ಗೆರೆಗಳನ್ನು ಒತ್ತೊತ್ತಾಗಿ, ದನಿ ತಗ್ಗಿಸಿ ಕೊರೆಯಬೇಕು. ಕೇಳುವಾಗ ನೀವು ವಾಲ್ಯೂಮ್ ಏರಿಸುತ್ತೀರಿ, ಧೂಳಿನ ಚಟಪಟವೂ ಜತೆಗೇ ಏರುತ್ತದೆ. ಹಾಗಾಗಿ ತೊಳೆಯುವುದೇ ಮುಕ್ಕಾಲು ಕೆಲಸ.

ದಾವಣಗೆರೆಯಲ್ಲಿ ಪ್ಲೇಟು ಕೆಡುವುದೂ ಇಲ್ಲೇ. ಬೋರ್ ನೀರಿನಿಂದ ಬಕೆಟ್ಟಿಗೆ ಬಿಳಿ ಪರೆ ಕಟ್ಟುತ್ತದಲ್ಲ, ಅದೇ ಪರೆ ಗೆರೆಯೊಳಗೂ ಕೂರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಸೀಲ್ ಇರುವ ಬಾಟಲಿಯೇ ಆಗಬೇಕು; ಪಕ್ಕದಲ್ಲೇ ಆಸಿಡ್ ಕ್ಯಾನೂ ಇರುತ್ತದೆ, ಹುಷಾರು. ಆ ನೀರು 400 ಮಿ.ಲೀ., ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) 100 ಮಿ.ಲೀ., ಪಾತ್ರೆ ತೊಳೆಯುವ ಲಿಕ್ವಿಡ್ 2 ಹನಿ, ಇಷ್ಟು ಬೆರೆಸಿ. ಅಜ್ಜನ ಪೆಟ್ಟಿಗೆಯಲ್ಲಿರುವ 78 ಆರ್‌ಪಿಎಂ ಅರಗಿನ ಪ್ಲೇಟಿಗೆ ಮಾತ್ರ ಇದನ್ನು ಸೋಕಿಸಬೇಡಿ, ಐಪಿಎಗೆ ಅರಗು ಕರಗುತ್ತದೆ.

ಮೊದಲು ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ಲೇಬಲ್ ಸುಮಾರು 10 ಸೆಂ.ಮೀ. ಅಗಲ, ಅಷ್ಟೇ ಅಗಲದ ಡಬ್ಬಿ ಮುಚ್ಚಳವನ್ನು ಅದರ ಮೇಲೆ ಒತ್ತಿಹಿಡಿದರೆ ಕಾಗದ ನೆನೆಯುವುದಿಲ್ಲ. ಮೈಕ್ರೋಫೈಬರ್ ಬಟ್ಟೆಯನ್ನು ಗೆರೆ ಸುತ್ತಿದ ದಿಕ್ಕಿನಲ್ಲೇ ಆಡಿಸಿ. ಅಡ್ಡಡ್ಡ ಉಜ್ಜಿದರೆ ಮರಳಿನ ಕಣ ಗೀರುತ್ತದೆ. ಆಮೇಲೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ ಒರೆಸಿ, ಸೋಪು ಉಳಿದರೆ ಮುಳ್ಳಿಗೆ ಮೆತ್ತಿಕೊಳ್ಳುತ್ತದೆ. ತಟ್ಟೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಅರ್ಧ ಗಂಟೆ ಒಣಗಿಸಿ. ಫ್ಯಾನ್ ಬೇಡ. ಮನೆ ಮಂಡಕ್ಕಿ ಭಟ್ಟಿಯ ಹತ್ತಿರವಿದ್ದರೆ ಕಿಟಕಿಯನ್ನೂ ಮುಚ್ಚಿ.

ಮುಳ್ಳಿನ ಭಾರ ಮ್ಯಾಗ್ನೆಟಿಕ್ ಕಾರ್ಟ್ರಿಜ್‌ಗೆ (ಮುಳ್ಳನ್ನು ಹಿಡಿದಿರುವ ಪುಟ್ಟ ಬಿಡಿಭಾಗ) ಸಾಮಾನ್ಯವಾಗಿ 2 ಗ್ರಾಂ ಆಸುಪಾಸು. ಹಿಂದಿನ ತೂಕ ತಿರುಗಿಸಿ ಟೋನ್‌ಆರ್ಮ್ (ಮುಳ್ಳನ್ನು ಹೊತ್ತ ತೋಳು) ತಕ್ಕಡಿಯಂತೆ ಸಮನಾಗಿ ತೇಲುವಂತೆ ಮಾಡಿ, ಅಂಕಿಯ ಉಂಗುರವನ್ನು ಸೊನ್ನೆಗೆ ತನ್ನಿ. ನಂತರ ಎರಡನ್ನೂ ಒಟ್ಟಿಗೇ 2ಕ್ಕೆ ತಿರುಗಿಸಿ. ಮುಳ್ಳು ಗೆರೆ ಬಿಟ್ಟು ಹಾರುತ್ತದೆಂದು ಟೋನ್‌ಆರ್ಮ್ ತುದಿಯ ಮೇಲೆ ನಾಣ್ಯ ಇಡುವವರಿದ್ದಾರೆ. ಒಂದು ರೂಪಾಯಿಯೇ 3 ಗ್ರಾಂ ಮೀರುತ್ತದೆ, ಗೆರೆ ಸವೆಯದೆ ಇನ್ನೇನಾದೀತು? ಕಡಿಮೆ ಭಾರವೂ ಒಳ್ಳೆಯದಲ್ಲ, ಮುಳ್ಳು ಕುಣಿಯುತ್ತದೆ. ಸ, ಶ ಅಕ್ಷರಗಳು ಲೇಬಲ್ ಹತ್ತಿರದ ಹಾಡುಗಳಲ್ಲಿ ಮಾತ್ರ ಹರಿದಂತೆ ಕೇಳಿದರೆ ಕಾರ್ಟ್ರಿಜ್ ಕೂರಿಸಿದ ಕೋನ ನೋಡಿ. ಎಲ್ಲ ಹಾಡಲ್ಲೂ ಹಾಗಿದ್ದರೆ ಮುಳ್ಳೋ ಗೆರೆಯೋ ಸವೆದಿದೆ.

ನೆಂಟರು ಅಮೆರಿಕದಿಂದ ಹಳೇ ಪ್ಲೇಯರ್ ತಂದುಕೊಟ್ಟಿದ್ದರೆ 110 ವೋಲ್ಟ್ ಟ್ರಾನ್ಸ್‌ಫಾರ್ಮರ್ ಒಂದೇ ಸಾಲದು. ಅದರಲ್ಲಿ ಎಸಿ ಸಿಂಕ್ರೊನಸ್ ಮೋಟರ್ ಇದ್ದರೆ ಅದರ ವೇಗ ಕರೆಂಟಿನ ಹರ್ಟ್ಸ್ ಮೇಲೆ ನಿಂತಿದೆ, ಅದು ಅಲ್ಲಿನ 60 ಹರ್ಟ್ಸ್‌ಗೆ ಹೊಂದಿದ್ದು. ನಮ್ಮ 50ಕ್ಕೆ 33⅓ ಸುತ್ತಿನ ಬದಲು 28ರಷ್ಟು ತಿರುಗುತ್ತದೆ. ಹಾಡು ಹಾರ್ಮೋನಿಯಂನಲ್ಲಿ ಮೂರು ಸ್ವರಸ್ಥಾನ ಕೆಳಗಿಳಿಯುತ್ತದೆ. 50 ಹರ್ಟ್ಸ್‌ನ ಪುಲ್ಲಿ ಸಿಕ್ಕರೆ ಹಾಕಿಸಿ.

ಕೇಳಿಯಾದ ಮೇಲೆ ಪ್ಲೇಟನ್ನು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ. ಶೀಟಿನ ಮನೆಯ ಅಟ್ಟ, ಏಪ್ರಿಲ್ ಬಿಸಿಲಿಗೆ ನಿಂತ ಕಾರು ಎರಡೂ ಬೇಡ. ಒಂದೇ ಮಧ್ಯಾಹ್ನಕ್ಕೆ ಪ್ಲೇಟು ಹಪ್ಪಳದಂತೆ ಸೊಟ್ಟಗಾಗುತ್ತದೆ.