ಮಾನಿಟರ್ ಸ್ಪೀಕರ್ ಜೊತೆ ಟೇಬಲ್ಲೂ ಸದ್ದು ಮಾಡ್ತಿದ್ರೆ ಏನ್ ಮಾಡ್ಬೇಕು

ಹೋದ ವರ್ಷ ಒಂದು ತಾಳಮದ್ದಳೆ ರೆಕಾರ್ಡಿಂಗ್ ಮಿಕ್ಸ್ ಮಾಡ್ತಾ ಇದ್ದೆ, ಮದ್ದಳೆ ಯಾಕೋ ಗುಂಯ್ ಅಂತ ದಪ್ಪಗೆ ಕೇಳ್ತಿದೆ ಅಂತ ದಪ್ಪ-ತೆಳು ಸದ್ದನ್ನ ಬೇರೆ ಬೇರೆಯಾಗಿ ಏರಿಸಿ ಇಳಿಸೋ ಇಕ್ಯೂನಲ್ಲಿ 130 ಹರ್ಟ್ಜ್ ಹತ್ರ 4 ಡಿಬಿ ಕಟ್ ಮಾಡ್ದೆ, ಆಮೇಲೆ ಕಾರಲ್ಲಿ ಹಾಕಿ ಕೇಳಿದ್ರೆ ಮದ್ದಳೆಗೆ ಜೀವಾನೇ ಇಲ್ಲ, ಖಾಲಿ ಡಬ್ಬ ಬಡಿದಂಗಿದೆ. ವಾಪಸ್ ಬಂದು ಅದೇ ಜಾಗ ಪ್ಲೇ ಮಾಡಿ, ಸ್ಪೀಕರ್ ಕೂತಿದ್ದ ಟೇಬಲ್ ಮೇಲೆ ಅಂಗೈ ಇಟ್ಟೆ. ಒಂದೊಂದು ಪೆಟ್ಟಿಗೂ ಪ್ಲೈವುಡ್ ಕೈಗೆ ಗೊತ್ತಾಗೋ ಹಾಗೆ ನಡುಗ್ತಿತ್ತು. ನಾನು ಇಕ್ಯೂನಲ್ಲಿ ಕಡಿಯೋಕೆ ಹೋಗಿದ್ದು ಟೇಬಲ್ ಸದ್ದನ್ನ, ಏಟು ಬಿದ್ದಿದ್ದು ಮದ್ದಳೆಗೆ.

ಆಗೋದು ಇಷ್ಟೇ. ವೂಫರ್ ಕೋನ್, ಅಂದ್ರೆ ದಪ್ಪ ಸದ್ದು ಮಾಡೋ ದೊಡ್ಡ ಬಟ್ಟಲು, ಮುಂದಕ್ಕೆ ತಳ್ಳಿದಾಗ ಸ್ಪೀಕರ್ ಡಬ್ಬ ಹಿಂದಕ್ಕೆ ಒದೆಯತ್ತೆ, ಆ ನಡುಕ ನೇರ ಟೇಬಲ್‌ಗೆ ಇಳಿಯತ್ತೆ, ಟೇಬಲ್ ಹಲಗೆ ವೂಫರ್‌ಗಿಂತ ಎಷ್ಟೋ ಪಟ್ಟು ಅಗಲ ಇರೋದ್ರಿಂದ ಅದೂ ಒಂದು ಸ್ಪೀಕರ್ ಥರಾನೇ ಕೆಲಸ ಮಾಡತ್ತೆ.

ದುಡ್ಡು ಖರ್ಚು ಮಾಡೋ ಮುಂಚೆ ಪರೀಕ್ಷೆ ಮಾಡಿ. ಟೇಬಲ್ ಮೇಲೆ ಒಂದು ಹಾಳೆ ಹಾಸಿ, ಅದರ ಮೇಲೆ ಒಂದು ಚಮಚ ಸಾಸಿವೆ ಹರಡಿ, 40ರಿಂದ 250 ಹರ್ಟ್ಜ್‌ವರೆಗೆ ಸೈನ್ ಟೋನ್ (ಒಂದೇ ಕಂಪನದ ಶುದ್ಧ ಸದ್ದು) ನಿಧಾನಕ್ಕೆ ಏರಿಸ್ತಾ ಹೋಗಿ, ವಾಲ್ಯೂಮ್ ನೀವು ದಿನಾ ಕೆಲಸ ಮಾಡೋ ಅಷ್ಟೇ ಇರ್ಲಿ. ನನ್ನ ಟೇಬಲ್ ಮೇಲೆ 120 ದಾಟ್ತಿದ್ದಂಗೆ ಕಾಳುಗಳು ಕುಣಿಯೋಕೆ ಶುರು ಮಾಡಿ ಒಂದು ಮೂಲೆಗೆ ಸರೀತಾ ಹೋದ್ವು, ಜೊತೆಗೆ ಡ್ರಾಯರ್ ಹಿಡಿ ಝರ್ ಅಂತು. ಈಗ ಅದೇ ಟೋನ್ ಇಟ್ಕೊಂಡು ಮನೇಲಿ ಯಾರಿಗಾದ್ರೂ ಆ ಸ್ಪೀಕರನ್ನ ಎರಡೂ ಕೈಲಿ ಹಿಡಿದು ಟೇಬಲ್‌ನಿಂದ ಒಂದಿಂಚು ಎತ್ತೋಕೆ ಹೇಳಿ. ಕಾಳು ನಿಂತ್ರೆ ನಡುಕ ಮುಟ್ಟಿದ ಜಾಗದಿಂದ ಬರ್ತಿದೆ ಅಂತ ಅರ್ಥ, ಐಸೋಲೇಷನ್, ಅಂದ್ರೆ ನಡುಕ ದಾಟದ ಹಾಗೆ ಮಧ್ಯೆ ಮೆತ್ತನೇದು ಇಡೋದು, ಕೆಲಸ ಮಾಡತ್ತೆ. ಎತ್ತಿದ್ಮೇಲೂ ಕುಣೀತಿದ್ರೆ ಗಾಳಿಯಲ್ಲಿ ಬರೋ ಸದ್ದೇ ಟೇಬಲನ್ನ ಅಲ್ಲಾಡಿಸ್ತಿದೆ, ಅದಕ್ಕೆ ಎಂಥಾ ಪ್ಯಾಡ್ ತಂದ್ರೂ ಉಪಯೋಗ ಇಲ್ಲ, ಹಲಗೆ ಕೆಳಗೆ ಒಂದು ಅಡ್ಡಪಟ್ಟಿ ಹೊಡೆಸಿ ಗಟ್ಟಿ ಮಾಡ್ಬೇಕು.

ಎಲ್ಲರೂ ತಪ್ಪೋದು ಭಾರದ ವಿಷಯದಲ್ಲಿ. ವಾಷಿಂಗ್ ಮೆಷೀನ್ ಕೆಳಗೆ ಹಾಕೋ ರಬ್ಬರ್ ಪ್ಯಾಡ್ ತಂದು ಸ್ಪೀಕರ್ ಕೆಳಗೆ ಇಟ್ಟು ಏನೂ ವ್ಯತ್ಯಾಸ ಆಗ್ಲಿಲ್ಲ ಅಂತಾರೆ. ಅದು 60 ಕೆಜಿ ಮೆಷೀನ್ ಕೂತ್ರೆ ಅಮುಕೋ ರಬ್ಬರ್ರು, ಯಮಾಹಾ ಕಂಪನಿಯ ಮಾನಿಟರ್ ಎಚ್‌ಎಸ್5 ತೂಕ 5.3 ಕೆಜಿ, ಅದರ ಪಾಲಿಗೆ ಆ ರಬ್ಬರ್ರೂ ಕಲ್ಲೂ ಒಂದೇ. ಪಾತ್ರೆ ತೊಳೆಯೋ ಸ್ಪಂಜ್ ಥರದ್ದು ಇಟ್ರೆ ಪೂರ್ತಿ ಅಪ್ಪಚ್ಚಿ ಆಗಿ ಅದೂ ಕೆಲಸಕ್ಕೆ ಬರಲ್ಲ. ಭಾರ ಕೂತಾಗ ಸ್ವಲ್ಪ ಇಳೀಬೇಕು, ನೆಲ ಕಚ್ಚಬಾರ್ದು. ಲೆಕ್ಕ ಬೇಕಾದ್ರೆ, ಎಷ್ಟು ಮಿಲಿಮೀಟರ್ ಇಳೀತೋ ಅದರ ವರ್ಗಮೂಲದಿಂದ 15.8 ಭಾಗಿಸಿ, ಅದು ಸ್ಪೀಕರ್-ಪ್ಯಾಡ್ ಜೋಡಣೆ ತಾನಾಗೇ ಓಲಾಡೋ ಸ್ವಂತ ಕಂಪನ, ಹರ್ಟ್ಜ್‌ನಲ್ಲಿ. 5 ಮಿಮೀ ಇಳಿದ್ರೆ ಸುಮಾರು 7 ಹರ್ಟ್ಜ್, ಕೆಳಗಿರೋದು ಫೋಮ್ ಆದ್ರೆ ನಿಜದಲ್ಲಿ ಇನ್ನೂ ಸ್ವಲ್ಪ ಮೇಲೆ. ಅದರ 1.4 ಪಟ್ಟು ದಾಟಿದ ಮೇಲೆ ಮಾತ್ರ ನಡುಕ ತಡೆಯತ್ತೆ, ಅದಕ್ಕಿಂತ ಕೆಳಗೆ ತಡೆಯಲ್ಲ, ಉಲ್ಟಾ ಜಾಸ್ತಿ ಮಾಡತ್ತೆ, ಹಾಗಾಗಿ ಈ ಸಂಖ್ಯೆ ಎಷ್ಟು ಕಡಿಮೆ ಇದ್ರೆ ಅಷ್ಟು ಒಳ್ಳೇದು.

ನಾನು ಮಾಡಿದ್ದು ಹೀಗೆ. ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಕತ್ತರಿಸೋರ ಹತ್ರ ಹೋಗಿ ಮಿಕ್ಕಿದ ತುಂಡಲ್ಲೇ 25×20 ಸೆಂಮೀ ಅಳತೇಲಿ, 2 ಸೆಂಮೀ ದಪ್ಪದ್ದು ಎರಡು ಕತ್ತರಿಸಿಸ್ಕೊಂಡೆ, ಒಂದೊಂದು ಸುಮಾರು 2.7 ಕೆಜಿ ಬರತ್ತೆ. ಅಂಚು ಉಜ್ಜಿ ಕೊಡಿ ಅಂತ ಕೇಳಿ, ಇಲ್ಲಾಂದ್ರೆ ಕೈ ಕೊಯ್ಯತ್ತೆ. ಹಾಸಿಗೆ ಅಂಗಡೀಲಿ ರೀಬಾಂಡೆಡ್ ಫೋಮ್ ತುಂಡು ಸಿಗತ್ತೆ, ಬಣ್ಣ ಬಣ್ಣದ ಚೂರು ಅಂಟಿಸಿರ್ತಾರಲ್ಲ ಅದು, 50 ಮಿಮೀ ದಪ್ಪದ್ದು. ಅದನ್ನ 6 ಸೆಂಮೀ ಚೌಕವಾಗಿ ಕತ್ತರಿಸಿ ಕಲ್ಲಿನ ನಾಲ್ಕು ಮೂಲೆಗೆ ಇಟ್ಟು, ಕಲ್ಲಿನ ಮೇಲೆ ಹಳೇ ಸೈಕಲ್ ಟ್ಯೂಬ್ ಸೀಳಿ ಹಾಸಿ ಜಾರದ ಹಾಗೆ ಮಾಡಿ, ಅದರ ಮೇಲೆ ಸ್ಪೀಕರ್. ಸ್ಕೇಲ್ ಇಟ್ಟು ನೋಡಿ, 50 ಇದ್ದಿದ್ದು 42–45ಕ್ಕೆ ಇಳಿದ್ರೆ ಸರಿ, ಇಳೀಲಿಲ್ಲ ಅಂದ್ರೆ ಫೋಮ್ ಚೌಕಾನ ಸ್ವಲ್ಪ ಸ್ವಲ್ಪವೇ ಸಣ್ಣ ಮಾಡ್ತಾ ಬನ್ನಿ, ಜಾಸ್ತಿ ಇಳಿದ್ರೆ ದೊಡ್ಡದು ಹಾಕಿ. ಕಲ್ಲು ಯಾಕೆ ಅಂದ್ರೆ ಭಾರ ಜಾಸ್ತಿ ಆದಷ್ಟು ಆ ಸ್ವಂತ ಕಂಪನ ಕೆಳಗೆ ಹೋಗತ್ತೆ, ಜೊತೆಗೆ ಸ್ಪೀಕರ್ ಓಲಾಡಲ್ಲ. ರೆಡಿಮೇಡ್ ಸ್ಟ್ಯಾಂಡ್ ತಗೊಳ್ಳೋರು ಅದು ಎಷ್ಟು ಕೆಜಿಗೆ ಮಾಡಿದ್ದು ಅನ್ನೋದನ್ನ ಮೊದಲು ನೋಡಿ. ಮೊಳೆ ಥರದ ಸ್ಪೈಕ್ ಟೇಬಲ್ ಮೇಲೆ ಬೇಡವೇ ಬೇಡ, ಅದು ನಡುಕಾನ ಹಲಗೆಗೆ ದಾಟಿಸತ್ತೆ.

ಜಾಗ ಇದ್ರೆ ಮಾತ್ರ ನನ್ನ ಓಟು ನೆಲದ ಮೇಲಿನ ಸ್ಟ್ಯಾಂಡಿಗೆ, ಟೇಬಲ್ ಮುಟ್ಟದ ಹಾಗೆ ಹಿಂದೆ. ಬೆಂಗಳೂರಿನ ಆರ್‌ಸಿಸಿ ನೆಲಕ್ಕೆ ಇದು ಚೆನ್ನಾಗಿ ಹೊಂದತ್ತೆ, ಆದ್ರೆ ಸಾಗರದ ನಮ್ಮ ಹಳೇ ಮನೆ ಮರದ ಮಹಡೀಲಿ ನೆಲಾನೇ ಟೇಬಲ್ ಥರ ಸದ್ದು ಮಾಡ್ತಿತ್ತು, ಅಲ್ಲಿ ಸ್ಟ್ಯಾಂಡ್ ಕೆಳಗೂ ಇದೇ ಕಲ್ಲು-ಫೋಮ್ ಇಟ್ಟಿದ್ದೆ.

ಇಷ್ಟಾದ ಮೇಲೂ ಟೇಬಲ್ ಮೇಲ್ಮೈಗೆ ಬಡಿದು ಕಿವಿಗೆ ಬರೋ ಸದ್ದು ಹಾಗೇ ಇರತ್ತೆ, ಅದು ಬೇರೆ ಸಮಸ್ಯೆ. ನೇರ ಸದ್ದಿಗಿಂತ ಅದು 30 ಸೆಂಮೀ ಜಾಸ್ತಿ ದೂರ ಬಂದ್ರೆ 570 ಹರ್ಟ್ಜ್ ಹತ್ರ ಒಂದು ಗುಂಡಿ ಬೀಳತ್ತೆ, ಅಂದ್ರೆ ಅಲ್ಲಿ ಸದ್ದು ಕುಗ್ಗತ್ತೆ. ಸ್ಪೀಕರನ್ನ ಟೇಬಲ್ ಮುಂದಿನ ಅಂಚಿನ ಕಡೆ ತನ್ನಿ, ಎತ್ತರ ಮಾಡಿ, ಟ್ವೀಟರ್ (ತೆಳು ಸದ್ದಿನ ಚಿಕ್ಕ ಸ್ಪೀಕರ್) ಕಿವಿಗೆ ನೇರ ಇರ್ಲಿ. ಗೋಡೆ ಹತ್ರ ಇಟ್ಟು ಬಾಸ್ ದಪ್ಪ ಆಗಿದ್ರೆ ಎಚ್‌ಎಸ್5 ಹಿಂದೆ ರೂಮ್ ಕಂಟ್ರೋಲ್ ಸ್ವಿಚ್ ಇದೆ, 500 ಹರ್ಟ್ಜ್‌ಗಿಂತ ಕೆಳಗಿಂದನ್ನ 2 ಅಥವಾ 4 ಡಿಬಿ ಇಳಿಸತ್ತೆ, ಆದ್ರೆ ಪ್ಯಾಡ್ ಹಾಕಿ ಎರಡು ದಿನ ಕೇಳಿದ ಮೇಲೇ ಅದನ್ನ ಮುಟ್ಟಿ.

ಫೋಮ್ ದಿನ ಕಳೆದಂಗೆ ಕೂತ್ಬಿಡತ್ತೆ. ಆರು ತಿಂಗಳಿಗೊಂದು ಸಲ ಸ್ಕೇಲ್ ಇಟ್ಟು ನೋಡಿ, 40ಕ್ಕಿಂತ ಕೆಳಗೆ ಹೋಗಿದ್ರೆ ಹೊಸ ತುಂಡು ಹಾಕಿ, ಸಾಸಿವೆ ಪರೀಕ್ಷೆ ಇನ್ನೊಂದ್ಸಲ ಮಾಡಿ.