ಹನ್ನೊಂದು ಡಬ್ಬಿ ಎಣ್ಣೆ ವಾಪಸ್ ಕೇಳಿದ್ದು

ತುಮಕೂರಿನಲ್ಲಿ ನಮ್ಮದೊಂದು ಸಣ್ಣ ಮರದ ಗಾಣವಿದೆ. ಚಳ್ಳಕೆರೆ ಕಡೆಯಿಂದ ಕಡಲೆಕಾಯಿ ಬೀಜ ತರಿಸುತ್ತೇವೆ. ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕಿಲೋ ಬೀಜ ಹಿಡಿಯುವುದರಿಂದ ನಮ್ಮ ಎಣ್ಣೆ ದುಬಾರಿ. ಅಷ್ಟು ಹಣ ಕೊಡುವವರು ಅನುಮಾನಪಡುವುದು ತಪ್ಪಲ್ಲ.

ಶುರುವಿನಲ್ಲಿ ಒಬ್ಬರು ಲೀಟರ್ ಎಣ್ಣೆಯನ್ನು ಮನೆಯಲ್ಲಿ ತೂಗಿ ನೋಡಿ, 'ತೊಂಬತ್ತು ಗ್ರಾಂ ಎಲ್ಲಿ ಹೋಯಿತು?' ಎಂದು ಕೇಳಿದರು. ಎಣ್ಣೆ ನೀರಿಗಿಂತ ಹಗುರ, ಲೀಟರಿಗೆ ಸುಮಾರು 910 ಗ್ರಾಂ ತೂಗುತ್ತದೆ. ಬಾಯಲ್ಲಿ ಹೇಳಿದರೆ ನೆಪದಂತೆ ಕೇಳಿಸುತ್ತದೆ. ಹಾಗಾಗಿ ತಕ್ಕಡಿಯನ್ನು ಗಿರಾಕಿಯ ಕಡೆಗೆ ತಿರುಗಿಸಿಟ್ಟೆ. ಮೊದಲು ಖಾಲಿ ಡಬ್ಬಿ, ಆಮೇಲೆ ಎಣ್ಣೆ. ಎರಡೂ ಅವರ ಕಣ್ಣೆದುರೇ ತೂಗುತ್ತೇನೆ.

ನಿಜವಾದ ಪರೀಕ್ಷೆ ಬಂದದ್ದು ಒಂದು ಮಳೆಗಾಲದಲ್ಲಿ. ಹನ್ನೊಂದು ಡಬ್ಬಿ ಮಾರಿದ ಮೇಲೆ, ಉಳಿದ ಎಣ್ಣೆಯಲ್ಲಿ ಮುಗ್ಗಲು ವಾಸನೆ ಬಂತು. ಮೂಟೆ ಬಿಚ್ಚಿದೆ. ತಳದ ಬೀಜಕ್ಕೆ ಬೂಷ್ಟು ಹಿಡಿದಿತ್ತು. ಅಂಥ ಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿರಬಹುದು. ಅದು ಯಕೃತ್ತಿಗೆ ಕೆಟ್ಟದ್ದು, ಅಡುಗೆಯ ಬಿಸಿಗೂ ಪೂರ್ತಿ ನಾಶವಾಗುವುದಿಲ್ಲ. 'ಯಾರೂ ದೂರಿಲ್ಲವಲ್ಲ ಭಾವ, ಸುಮ್ಮನಿದ್ದರಾಯಿತು' ಎಂದ ನನ್ನ ಭಾವಮೈದುನ. ಅದೇ ಎಣ್ಣೆಯಲ್ಲಿ ನಮ್ಮ ಮಕ್ಕಳಿಗೆ ದೋಸೆ ಹುಯ್ಯುತ್ತೇವೆಯೇ ಎಂದು ಕೇಳಿದೆ. ಅವನೇ ಹೋಗಿ ಲೆಕ್ಕದ ಪುಸ್ತಕ ತಂದ.

ಎಂಟು ಮಂದಿಯ ಫೋನ್ ನಂಬರ್ ಇತ್ತು. ಎಲ್ಲರಿಗೂ ಕರೆ ಮಾಡಿದೆ. ಉಳಿದವರಿಗಾಗಿ ಬಾಗಿಲಿಗೆ ಬೋರ್ಡ್ ತೂಗುಹಾಕಿದೆವು; ಇಬ್ಬರು ಬಂದರು. ಆ ಕೊನೆಯ ಡಬ್ಬಿ ಯಾರ ಮನೆಗೆ ಹೋಯಿತೋ ಇಂದಿಗೂ ಗೊತ್ತಿಲ್ಲ. ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಂದಿನಿಂದ ಪ್ರತಿ ಡಬ್ಬಿಯ ಮೇಲೆ ಗಾಣ ಹಾಕಿದ ದಿನ ಮತ್ತು ಮೂಟೆಯ ಸಂಖ್ಯೆ ಬರೆಯುತ್ತೇವೆ. ನಂಬರ್ ಬರೆದುಕೊಳ್ಳದೆ ಮಾರುವುದಿಲ್ಲ.

ನಿವೃತ್ತ ಶಿಕ್ಷಕಿಯೊಬ್ಬರು ಹಬ್ಬಕ್ಕೆಂದು ಆಗಲೇ ಚಕ್ಕುಲಿ ಕರಿದಿದ್ದರು. 'ಅಷ್ಟನ್ನೂ ಚೆಲ್ಲಬೇಕೇನಪ್ಪಾ?' ಎಂದರು. 'ಚೆಲ್ಲಿಬಿಡಿ ಅಮ್ಮ' ಎಂದಾಗ ನನ್ನ ದನಿ ನಡುಗಿತು. ಹೊಸ ಎಣ್ಣೆಯ ಜೊತೆ ಹಿಟ್ಟಿನ ಹಣವನ್ನೂ ಕೊಡಹೋದೆ. ಹಣ ಮುಟ್ಟಲಿಲ್ಲ. 'ಮುಂದಿನ ಸಲ ಗಾಣ ಹಾಕುವ ದಿನ ಹೇಳು, ಬಂದು ಬೀಜ ನೋಡುತ್ತೇನೆ' ಎಂದರು.

ಹೇಳಿದ ದಿನ ಬಂದರು. ಮೊರದ ಮುಂದೆ ಕುಳಿತು, ನಾವು ಆರಿಸಿಟ್ಟ ಬೀಜವನ್ನೇ ಮತ್ತೆ ಕೈಯಾಡಿಸಿ ನೋಡಿದರು. ಎದ್ದು ಹೋಗುವಾಗ ಎರಡು ಕಪ್ಪಿಟ್ಟ ಬೀಜಗಳನ್ನು ನನ್ನ ಅಂಗೈಯಲ್ಲಿಟ್ಟು, ಐದು ಲೀಟರಿನ ಡಬ್ಬಿಯನ್ನು ಮುಂದಕ್ಕೆ ಸರಿಸಿದರು.