ಕಡಿಮೆ ಬೆಲೆಯ ಗೇಮಿಂಗ್ ಮಾನಿಟರ್: ಹರ್ಟ್ಸ್ ಅಂಕಿಯನ್ನು ಕೊನೆಗೆ ನೋಡಿ

ಬೆಂಗಳೂರಿನ ಎಸ್‌.ಪಿ. ರಸ್ತೆಯ ಯಾವ ಕಂಪ್ಯೂಟರ್ ಅಂಗಡಿಯ ಮುಂದೆ ನಿಂತರೂ ಗೇಮಿಂಗ್ ಮಾನಿಟರ್ ಪೆಟ್ಟಿಗೆಗಳ ಮೇಲೆ ಕಣ್ಣಿಗೆ ರಾಚುವಂತೆ ಅಚ್ಚಾಗಿರುವುದು ರಿಫ್ರೆಶ್ ರೇಟ್: 100, 144, 165, 180, 240 ಹರ್ಟ್ಸ್. ಬೆಲೆಯೂ ಬಹುಮಟ್ಟಿಗೆ ಆ ಅಂಕಿಯ ಹಿಂದೆಯೇ ಏರುತ್ತದೆ. ಕೆಲವು ವರ್ಷಗಳ ಹಿಂದೆ ಇಪ್ಪತ್ತು ಸಾವಿರ ಎಣಿಸಬೇಕಿದ್ದ 144 ಹರ್ಟ್ಸ್‌ನ 24 ಇಂಚಿನ ಮಾನಿಟರ್ ಈಗ ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವುದರಿಂದ, ಕಾಲೇಜು ಹುಡುಗರೂ ಅದನ್ನು ಕೇಳಿಕೊಂಡು ಬರುತ್ತಾರೆ. ಆದರೆ ಅಗ್ಗದ ಮಾನಿಟರ್ ತಯಾರಿಸುವವರು ದೊಡ್ಡ ಅಂಕಿಯನ್ನು ಪೆಟ್ಟಿಗೆಯ ಮೇಲೆ ಹಾಕಿ, ಉಳಿತಾಯವನ್ನು ಪೆಟ್ಟಿಗೆಯ ಮೇಲೆ ಕಾಣದ ಕಡೆ ಮಾಡಿಕೊಂಡಿರುತ್ತಾರೆ. ಆದ್ದರಿಂದ ಆಯ್ಕೆಯನ್ನು ಹಿಂದುಮುಂದಾಗಿ ಮಾಡುವುದು, ಅಂದರೆ ನಿಮ್ಮ ಮನೆಯ ಯಂತ್ರದಿಂದ ಆರಂಭಿಸಿ ಹರ್ಟ್ಸ್ ಅಂಕಿಯನ್ನು ಕೊನೆಗೆ ನೋಡುವುದು ಒಳ್ಳೆಯದು.

ಅಂಕಿಯ ಅರ್ಥ

ರಿಫ್ರೆಶ್ ರೇಟ್ ಎಂದರೆ ಪರದೆಯು ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಹೊಸ ಚಿತ್ರವನ್ನು ತೋರಿಸಬಲ್ಲದು ಎಂಬ ಲೆಕ್ಕ. ಕಚೇರಿಗಳಲ್ಲಿರುವ ಸಾಧಾರಣ ಮಾನಿಟರ್ 60 ಹರ್ಟ್ಸ್‌ನದು. ಅದರಲ್ಲಿ ಒಂದು ಚಿತ್ರ ಸುಮಾರು 16.7 ಮಿಲಿಸೆಕೆಂಡ್ ನಿಲ್ಲುತ್ತದೆ. 144 ಹರ್ಟ್ಸ್‌ನಲ್ಲಿ 6.9, 180ರಲ್ಲಿ 5.6, 240ರಲ್ಲಿ 4.2 ಮಿಲಿಸೆಕೆಂಡ್. ಆಟದಲ್ಲಿ ಎದುರಾಳಿಯೊಬ್ಬ ಪರದೆಯ ಎಡದಿಂದ ಬಲಕ್ಕೆ ಸೆಕೆಂಡಿಗೆ 960 ಪಿಕ್ಸೆಲ್ (ಪರದೆಯ ಮೇಲೆ ಚಿತ್ರ ಮೂಡಿಸುವ ಚುಕ್ಕಿ) ವೇಗದಲ್ಲಿ ಓಡುತ್ತಿದ್ದಾನೆ ಎಂದುಕೊಳ್ಳಿ. 60 ಹರ್ಟ್ಸ್‌ನಲ್ಲಿ ಅವನು ಒಂದೊಂದು ಚಿತ್ರಕ್ಕೂ 16 ಪಿಕ್ಸೆಲ್ ಜಿಗಿಯುತ್ತಾನೆ. ನಮ್ಮ ಕಣ್ಣು ಜಿಗಿಯದೆ ಒಂದೇ ಸಮನೆ ಅವನನ್ನು ಹಿಂಬಾಲಿಸುವುದರಿಂದ, ಅಷ್ಟೇ ಅಗಲಕ್ಕೆ ಅವನ ಅಂಚು ಕಲಸಿಹೋದಂತೆ ಕಾಣುತ್ತದೆ. 144 ಹರ್ಟ್ಸ್‌ನಲ್ಲಿ ಈ ಕಲಸು ಏಳು ಪಿಕ್ಸೆಲ್‌ಗಿಂತ ಕಡಿಮೆಯಾಗುತ್ತದೆ, 240ರಲ್ಲಿ ನಾಲ್ಕಕ್ಕೆ ಇಳಿಯುತ್ತದೆ.

ಲಾಭ ಎಲ್ಲಿದೆ ಎಂಬುದು ಈ ಲೆಕ್ಕದಲ್ಲೇ ಇದೆ. 60ರಿಂದ 144ಕ್ಕೆ ಹೋದಾಗ ಒಂದು ಚಿತ್ರದ ಅವಧಿಯಲ್ಲಿ ಸುಮಾರು ಹತ್ತು ಮಿಲಿಸೆಕೆಂಡ್ ಉಳಿಯುತ್ತದೆ. 144ರಿಂದ 240ಕ್ಕೆ ಹೋದಾಗ ಮೂರು ಮಿಲಿಸೆಕೆಂಡ್ ಕೂಡ ಉಳಿಯುವುದಿಲ್ಲ. ಮೊದಲ ಜಿಗಿತ ಮೌಸ್ ಅಲ್ಲಾಡಿಸಿದ ಕ್ಷಣವೇ ಯಾರಿಗಾದರೂ ತಿಳಿಯುತ್ತದೆ. ಎರಡನೆಯದು ದಿನಕ್ಕೆ ನಾಲ್ಕು ಗಂಟೆ ಶೂಟಿಂಗ್ ಆಟ ಆಡುವವರಿಗೆ ತಿಳಿದೀತು. ಬಜೆಟ್ ಬಿಗಿಯಾಗಿರುವವರು 144ರಿಂದ 180ರ ನಡುವೆ ನಿಂತುಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಯಂತ್ರವನ್ನು ಅಳೆಯಿರಿ

ಮಾನಿಟರ್ ಎಷ್ಟೇ ವೇಗದ್ದಾದರೂ ಅದಕ್ಕೆ ಚಿತ್ರಗಳನ್ನು ಒದಗಿಸಬೇಕಾದದ್ದು ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್. ಅವು ಸೆಕೆಂಡಿಗೆ 70 ಚಿತ್ರ, ಅಂದರೆ 70 ಫ್ರೇಮ್ ಮಾತ್ರ ಕೊಡುತ್ತಿದ್ದರೆ 180 ಹರ್ಟ್ಸ್‌ನ ಪರದೆಯಲ್ಲೂ ನೀವು ಕಾಣುವುದು ಆ 70 ಫ್ರೇಮ್‌ಗಳನ್ನೇ. ಆದ್ದರಿಂದ ಅಂಗಡಿಗೆ ಹೊರಡುವ ಮೊದಲು ನೀವು ಹೆಚ್ಚಾಗಿ ಆಡುವ ಎರಡು ಮೂರು ಆಟಗಳಲ್ಲಿ ಫ್ರೇಮ್ ರೇಟ್ ಎಷ್ಟು ಬರುತ್ತಿದೆ ಎಂದು ಬರೆದಿಟ್ಟುಕೊಳ್ಳಿ. ಆಟಗಳನ್ನು ಮಾರುವ ಸ್ಟೀಮ್ ತಂತ್ರಾಂಶದಲ್ಲಿಯೂ ವ್ಯಾಲೊರಂಟ್‌ನಂಥ ಆಟಗಳ ಸೆಟ್ಟಿಂಗ್ಸ್‌ನಲ್ಲಿಯೂ ಇದನ್ನು ಪರದೆಯ ಮೂಲೆಯಲ್ಲಿ ತೋರಿಸುವ ಸೌಲಭ್ಯವಿದೆ. ಅಳೆಯುವಾಗ ವಿ-ಸಿಂಕ್ ಆಯ್ಕೆಯನ್ನು ಆಫ್ ಮಾಡಿ. ಇಲ್ಲದಿದ್ದರೆ ನಿಮ್ಮ ಹಳೆಯ 60 ಹರ್ಟ್ಸ್ ಮಾನಿಟರ್ ಎಷ್ಟು ತೋರಿಸಬಲ್ಲದೋ ಅಷ್ಟಕ್ಕೇ ಆಟ ತನ್ನನ್ನು ಕಟ್ಟಿಹಾಕಿಕೊಂಡು, ಯಂತ್ರದ ನಿಜವಾದ ಶಕ್ತಿ ಗೊತ್ತಾಗುವುದಿಲ್ಲ.

ವ್ಯಾಲೊರಂಟ್‌ನಂಥ ಹಗುರ ಆಟಗಳು ಸಾಧಾರಣ ಕಾರ್ಡ್‌ನಲ್ಲೂ ನೂರು ದಾಟುತ್ತವೆ. ದೊಡ್ಡ ಬಯಲು, ಕಾಡು, ನಗರಗಳಿರುವ ಕಥೆಯ ಆಟಗಳು ಅದೇ ಕಾರ್ಡ್‌ನಲ್ಲಿ 50ರಿಂದ 60ರ ಮೇಲೆ ಏಳದಿರಬಹುದು. ನೀವು ಆಡುವುದು ಎರಡನೆಯ ಬಗೆಯ ಆಟಗಳನ್ನಾದರೆ, ಹೆಚ್ಚುವರಿ ಹರ್ಟ್ಸ್‌ಗೆ ಕೊಡುವ ಹಣವನ್ನು ಒಳ್ಳೆಯ ಬಣ್ಣದ ಪ್ಯಾನೆಲ್‌ಗೆ, ಅಂದರೆ ಚಿತ್ರ ಮೂಡುವ ಫಲಕಕ್ಕೆ, ಕೊಡುವುದು ಜಾಣತನ. ಪ್ಲೇಸ್ಟೇಷನ್ 5 ಇಟ್ಟುಕೊಂಡವರಿಗಂತೂ ಲೆಕ್ಕ ಸುಲಭ: ಅದು 120 ಹರ್ಟ್ಸ್‌ಗಿಂತ ಹೆಚ್ಚಿಗೆ ಕಳಿಸುವುದೇ ಇಲ್ಲ.

ಗಾತ್ರ, ರೆಸಲ್ಯೂಷನ್

ಇಲ್ಲಿ ಹೆಚ್ಚು ಯೋಚಿಸಬೇಕಾದದ್ದಿಲ್ಲ. 1920×1080 ರೆಸಲ್ಯೂಷನ್‌ಗೆ (ಅಡ್ಡಕ್ಕೆ 1920, ಮೇಲಿಂದ ಕೆಳಕ್ಕೆ 1080 ಪಿಕ್ಸೆಲ್) 24 ಇಂಚು ಹೊಂದುತ್ತದೆ. ಒಂದು ಇಂಚಿಗೆ 92 ಪಿಕ್ಸೆಲ್ ಬರುತ್ತದೆ. ಅದೇ ರೆಸಲ್ಯೂಷನ್ 27 ಇಂಚಿಗೆ ಹರಡಿಕೊಂಡರೆ 82ಕ್ಕೆ ಇಳಿದು, ಮೇಜಿನ ಮುಂದೆ ಕೂತಾಗ ಅಕ್ಷರಗಳ ಅಂಚು ಮುರುಕಲಾಗಿ ಕಾಣಿಸುತ್ತದೆ. ಕನ್ನಡದ ಒತ್ತಕ್ಷರಗಳನ್ನು ಚಿಕ್ಕದಾಗಿ ಓದುವವರಿಗೆ ಇದು ಇನ್ನೂ ಬೇಗ ಕಿರಿಕಿರಿ ಮಾಡುತ್ತದೆ. 27 ಇಂಚೇ ಬೇಕೆಂದರೆ 2560×1440 ನೋಡಿ. ಆದರೆ ಅದರಲ್ಲಿ ಪಿಕ್ಸೆಲ್‌ಗಳ ಸಂಖ್ಯೆ ಸುಮಾರು 1.8 ಪಟ್ಟು, ಗ್ರಾಫಿಕ್ಸ್ ಕಾರ್ಡ್ ಅಷ್ಟು ಹೆಚ್ಚು ದುಡಿಯಬೇಕಾಗುವುದರಿಂದ ನೀವು ಬರೆದಿಟ್ಟುಕೊಂಡ ಫ್ರೇಮ್ ರೇಟ್ ಕೂಡ ಇಳಿಯುತ್ತದೆ.

ಪ್ಯಾನೆಲ್: ಹಣ ಹೋಗಬೇಕಾದ ಜಾಗ

ಅಗ್ಗದ ವರ್ಗದಲ್ಲಿ ಮುಖ್ಯವಾಗಿ ಮೂರು ಬಗೆಯ ಪ್ಯಾನೆಲ್‌ಗಳಿವೆ. ಟಿಎನ್ ಪ್ಯಾನೆಲ್ ವೇಗದ್ದು, ಆದರೆ ತುಸು ಕೆಳಗಿನಿಂದ ನೋಡಿದರೂ ಬಣ್ಣ ತಿರುಚಿದಂತಾಗುತ್ತದೆ. ಹೊಸದಾಗಿ ಕೊಳ್ಳುವವರು ಇದನ್ನು ಬಿಟ್ಟುಬಿಡಬಹುದು. ಐಪಿಎಸ್ ಪ್ಯಾನೆಲ್‌ನಲ್ಲಿ ಬಣ್ಣ ಯಾವ ಕಡೆಯಿಂದ ನೋಡಿದರೂ ಹೆಚ್ಚು ಕಡಿಮೆ ಒಂದೇ ತೆರನಾಗಿರುತ್ತದೆ, ವೇಗವೂ ಸಾಕಷ್ಟಿರುತ್ತದೆ. ಆದರೆ ಕಾಂಟ್ರಾಸ್ಟ್, ಅಂದರೆ ಬಿಳಿ ಮತ್ತು ಕಪ್ಪಿನ ಬೆಳಕಿನ ಅನುಪಾತ, ಸುಮಾರು 1000:1 ಇರುವುದರಿಂದ ಕತ್ತಲ ಕೋಣೆಯಲ್ಲಿ ಅದರ ಕಪ್ಪು ಬೂದುಬಣ್ಣದಂತೆ ಕಾಣುತ್ತದೆ. ವಿಎ ಪ್ಯಾನೆಲ್‌ನ ಕಾಂಟ್ರಾಸ್ಟ್ ಸಾಮಾನ್ಯವಾಗಿ 3000:1 ಇದ್ದು, ಕಪ್ಪು ನಿಜವಾಗಿಯೂ ಕಪ್ಪಾಗಿರುತ್ತದೆ. ಕಡಿಮೆ ಬೆಲೆಯ ಬಾಗಿದ ಮಾನಿಟರ್‌ಗಳಲ್ಲಿ ಹೆಚ್ಚಿನವು ವಿಎ.

ವಿಎಯ ತೊಂದರೆ ಇರುವುದು ಕಪ್ಪಿನಿಂದ ಕಡು ಬೂದಿಗೆ ಬದಲಾಗುವ ಜಾಗದಲ್ಲಿ. ಅಲ್ಲಿ ಪಿಕ್ಸೆಲ್‌ಗಳು ಬಣ್ಣ ಬದಲಿಸಲು ತಡಮಾಡುತ್ತವೆ. 144 ಹರ್ಟ್ಸ್‌ನಲ್ಲಿ ಒಂದು ಚಿತ್ರಕ್ಕಿರುವ ಸಮಯ 6.9 ಮಿಲಿಸೆಕೆಂಡ್, ಪಿಕ್ಸೆಲ್ ಬದಲಾಗಲು ಅದರ ಎರಡರಷ್ಟು ಹಿಡಿದರೆ ಹೊಸ ಚಿತ್ರ ಬಂದ ಮೇಲೂ ಹಳೆಯದರ ನೆರಳು ಉಳಿದಿರುತ್ತದೆ. ನೆರಳಿನ ಓಣಿಯೊಂದರಲ್ಲಿ ಓಡುವ ಪಾತ್ರದ ಹಿಂದೆ ಮಸಿ ಬಳಿದಂತೆ ಒಂದು ಜಾಡು ಮೂಡುವುದು ಹೀಗೆಯೇ. ಅಂಥ ಮಾನಿಟರ್‌ಗೆ 165 ಎಂದು ಹೆಸರಿಟ್ಟರೂ ಕತ್ತಲ ದೃಶ್ಯಗಳಲ್ಲಿ ಅದು ಅರ್ಧ ವೇಗದ ಪರದೆಯಂತೆಯೇ ನಡೆದುಕೊಳ್ಳುತ್ತದೆ. ಸಿನಿಮಾ, ರಾತ್ರಿಯ ದೃಶ್ಯಗಳ ಕಥೆಯ ಆಟ ಇಷ್ಟಪಡುವವರು ವಿಎ ಕೊಳ್ಳಬಹುದು. ವೇಗದ ಶೂಟಿಂಗ್ ಆಟಕ್ಕೆ ನಾನು ಐಪಿಎಸ್ ಬಿಟ್ಟು ಬೇರೆ ಹೇಳುವುದಿಲ್ಲ.

ಪೆಟ್ಟಿಗೆಯ ಮೇಲಿನ ‘1 ಎಂಎಸ್’ ಎಂಬ ಮುದ್ರೆಯನ್ನು ನೋಡಿ ಇದನ್ನು ತೀರ್ಮಾನಿಸಲಾಗದು. ಆ ಮುದ್ರೆಯ ಪಕ್ಕದಲ್ಲಿ ಜಿಟಿಜಿ ಎಂದಿದ್ದರೆ ಒಂದು ಬೂದುಬಣ್ಣದಿಂದ ಇನ್ನೊಂದಕ್ಕೆ ಬದಲಾಗುವ ಅತ್ಯಂತ ಅನುಕೂಲಕರ ಸಂದರ್ಭದ ಅಳತೆ ಎಂದು ತಿಳಿಯಬೇಕು; ಅದೂ ಸಾಮಾನ್ಯವಾಗಿ ಪಿಕ್ಸೆಲ್‌ಗಳನ್ನು ಬೇಗ ಬದಲಾಗುವಂತೆ ತಳ್ಳುವ ಓವರ್‌ಡ್ರೈವ್ ಎಂಬ ಸೆಟ್ಟಿಂಗನ್ನು ಕೊನೆಯ ಮಟ್ಟಕ್ಕೆ ಏರಿಸಿದಾಗ ಬಂದದ್ದು. ಹಾಗೆ ಏರಿಸಿದರೆ ಪಿಕ್ಸೆಲ್‌ಗಳು ಗುರಿ ಮೀರಿ ಹೋಗಿ, ಚಲಿಸುವ ವಸ್ತುವಿನ ಹಿಂದೆ ಬೆಳ್ಳನೆಯ ಅಂಚೊಂದು ಮೂಡುತ್ತದೆ. ಪಕ್ಕದಲ್ಲಿ ಎಂಪಿಆರ್‌ಟಿ ಎಂದಿದ್ದರೆ ಅದು ಬ್ಯಾಕ್‌ಲೈಟನ್ನು ಮಿಣುಕಿಸಿ ಸಾಧಿಸಿದ ಅಳತೆ. ಅದನ್ನು ಆನ್ ಮಾಡಿದಾಗ ಪರದೆ ಮಂಕಾಗುತ್ತದೆ.

ಇನ್ನೊಂದು ಚಿಕ್ಕ ಅಕ್ಷರದ ಸಾಲು ಹುಡುಕಿ: ಬಣ್ಣದ ವ್ಯಾಪ್ತಿ. ಎನ್‌ಟಿಎಸ್‌ಸಿ, ಎಸ್‌ಆರ್‌ಜಿಬಿ ಎಂಬವು ಅದನ್ನು ಅಳೆಯುವ ಎರಡು ಮಾನದಂಡಗಳು. ‘ಎನ್‌ಟಿಎಸ್‌ಸಿ ಶೇ 45’ ಎಂದಿದ್ದರೆ ಆ ಪರದೆಯಲ್ಲಿ ಕೆಂಪು ಕುಂಕುಮದಂತಿರದೆ ಇಟ್ಟಿಗೆಯಂತಿರುತ್ತದೆ. ‘ಎಸ್‌ಆರ್‌ಜಿಬಿ ಶೇ 99’ ಅಥವಾ ಅದರ ಹತ್ತಿರದ ಅಂಕಿ ಇರುವುದನ್ನು ಆರಿಸಿ. ಬೆಳಕು ಕತ್ತಲೆಗಳ ಅಂತರವನ್ನು ಹೆಚ್ಚಾಗಿ ತೋರಿಸುವ ಎಚ್‌ಡಿಆರ್ ಎಂಬ ಮುದ್ರೆಗೆ ಮಾತ್ರ ಈ ಬೆಲೆಯಲ್ಲಿ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡಿ. ‘ಎಚ್‌ಡಿಆರ್ 10 ಬೆಂಬಲ’ ಎಂದರೆ ಆ ಸಂಕೇತವನ್ನು ಮಾನಿಟರ್ ಸ್ವೀಕರಿಸುತ್ತದೆ ಎಂದಷ್ಟೇ. 250ರಿಂದ 300 ನಿಟ್ ಬೆಳಕಿನ ಪರದೆ ಅದನ್ನು ಸ್ವೀಕರಿಸಿ ಮಾಡುವುದೇನೂ ಇಲ್ಲ.

ಫ್ರೇಮ್ ಏರಿಳಿತಕ್ಕೆ ಪರಿಹಾರ

ಆಟದಲ್ಲಿ ಫ್ರೇಮ್ ರೇಟ್ ಒಂದೇ ಸಮನೆ ಇರುವುದಿಲ್ಲ; ಸ್ಫೋಟವೊಂದು ನಡೆದರೆ 130 ಇದ್ದದ್ದು ತಟ್ಟನೆ 85ಕ್ಕೆ ಬೀಳುತ್ತದೆ. ಪರದೆ ತನ್ನ ಪಾಡಿಗೆ 144 ಸಲ ಬದಲಾಗುತ್ತಿದ್ದರೆ ಅರ್ಧ ಹಳೆಯ, ಅರ್ಧ ಹೊಸ ಚಿತ್ರ ಸೇರಿ ನಡುವೆ ಸೀಳಿದಂತೆ ಕಾಣುತ್ತದೆ. ಗ್ರಾಫಿಕ್ಸ್ ಕಾರ್ಡ್‌ನ ಲಯಕ್ಕೆ ಪರದೆಯೇ ಹೊಂದಿಕೊಳ್ಳುವ ವ್ಯವಸ್ಥೆ ಅಡಾಪ್ಟಿವ್ ಸಿಂಕ್. ಗ್ರಾಫಿಕ್ಸ್ ಚಿಪ್ ತಯಾರಿಸುವ ಕಂಪನಿಗಳಲ್ಲಿ ಎಎಂಡಿ ಇದನ್ನು ಫ್ರೀಸಿಂಕ್ ಎಂದೂ ಎನ್‌ವಿಡಿಯಾ ಜಿ-ಸಿಂಕ್ ಎಂದೂ ಕರೆಯುತ್ತವೆ. ಹಿಂದೆ ಎನ್‌ವಿಡಿಯಾ ಕಾರ್ಡ್ ಇದ್ದವರು ವಿಶೇಷ ಚಿಪ್ ಇರುವ ದುಬಾರಿ ಮಾನಿಟರ್ ಕೊಳ್ಳಬೇಕಿತ್ತು. 2019ರ ಜನವರಿಯಲ್ಲಿ ಆ ಕಂಪನಿ ತನ್ನ ಜಿಟಿಎಕ್ಸ್ 10 ಸರಣಿ ಮತ್ತು ಅನಂತರದ ಕಾರ್ಡ್‌ಗಳನ್ನು ಸಾಧಾರಣ ಅಡಾಪ್ಟಿವ್ ಸಿಂಕ್ ಮಾನಿಟರ್‌ಗಳಿಗೂ ತೆರೆದಿಟ್ಟ ಮೇಲೆ ಆ ಖರ್ಚು ತಪ್ಪಿದೆ. ನೋಡಬೇಕಾದದ್ದು ಪರದೆ ಹೀಗೆ ಹೊಂದಿಕೊಳ್ಳಬಲ್ಲ ಹರ್ಟ್ಸ್‌ನ ವ್ಯಾಪ್ತಿ: 48ರಿಂದ 144 ಅಥವಾ 48ರಿಂದ 180 ಎಂದಿದ್ದರೆ ಸಾಕು. ಫ್ರೇಮ್ 40ಕ್ಕೆ ಇಳಿದಾಗ ಒಂದೊಂದನ್ನೂ ಎರಡೆರಡು ಸಲ ತೋರಿಸಿ ಪರದೆಯು 80ರಲ್ಲಿ ನಡೆದುಕೊಂಡು ಹೋಗಲು ಅಷ್ಟು ಅಂತರ ಬೇಕಾಗುತ್ತದೆ.

ಪೋರ್ಟ್ ಮತ್ತು ಕೇಬಲ್

ನನ್ನ ಅಕ್ಕನ ಮಗ 165 ಹರ್ಟ್ಸ್‌ನ ಮಾನಿಟರ್ ಕೊಂಡು ಎಂಟು ತಿಂಗಳು ಅದನ್ನು 60 ಹರ್ಟ್ಸ್‌ನಲ್ಲೇ ಓಡಿಸಿದ್ದ. “ಮಾವ, ಡಬ್ಬದ ಮೇಲೇ 165 ಅಂತ ಇದೆಯಲ್ಲ” ಎಂಬುದು ಅವನ ವಾದ. ಕೇಸಿನ ಹಿಂದೆ ಬಗ್ಗಿ ನೋಡಿದರೆ ಎಚ್‌ಡಿಎಂಐ ಕೇಬಲ್ ಗ್ರಾಫಿಕ್ಸ್ ಕಾರ್ಡ್‌ಗೆ ಸಿಕ್ಕಿಸುವ ಬದಲು ಮೇಲಿದ್ದ ಮದರ್‌ಬೋರ್ಡ್ ಪೋರ್ಟ್‌ಗೆ ಸಿಕ್ಕಿಸಿತ್ತು. ವಿಂಡೋಸ್‌ನಲ್ಲಿ ರಿಫ್ರೆಶ್ ರೇಟ್ ಬದಲಿಸಬೇಕು ಎಂಬುದಂತೂ ಅವನಿಗೆ ಗೊತ್ತೇ ಇರಲಿಲ್ಲ. ಅವನ ಕಾರ್ಡ್ ಎಂಟು ತಿಂಗಳು ಸುಮ್ಮನೆ ಫ್ಯಾನ್ ತಿರುಗಿಸಿಕೊಂಡು ಕೂತಿತ್ತು.

ಹಲವು ಅಗ್ಗದ ಮಾನಿಟರ್‌ಗಳಲ್ಲಿ ಪೆಟ್ಟಿಗೆಯ ಮೇಲಿನ ಪೂರ್ತಿ ವೇಗ ಸಿಗುವುದು ಡಿಸ್‌ಪ್ಲೇಪೋರ್ಟ್‌ನಲ್ಲಿ ಮಾತ್ರ; ಎಚ್‌ಡಿಎಂಐಯಲ್ಲಿ ಅದು 144ಕ್ಕೆ ಅಥವಾ 120ಕ್ಕೆ ನಿಲ್ಲುತ್ತದೆ. ಆದರೆ ಪೆಟ್ಟಿಗೆಯೊಳಗೆ ಎಚ್‌ಡಿಎಂಐ ಕೇಬಲ್ ಒಂದೇ ಇರುವುದುಂಟು. ಕೊಳ್ಳುವ ಮೊದಲು ಯಾವ ಪೋರ್ಟ್‌ನಲ್ಲಿ ಎಷ್ಟು ಹರ್ಟ್ಸ್, ಯಾವ ಕೇಬಲ್ ಜೊತೆಗೆ ಬರುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿ, ಡಿಸ್‌ಪ್ಲೇಪೋರ್ಟ್ ಕೇಬಲ್ ಬೇರೆ ಕೊಳ್ಳಬೇಕಾದರೆ ಆ ಕೆಲವು ನೂರು ರೂಪಾಯಿಯನ್ನೂ ಬಜೆಟ್ಟಿಗೆ ಸೇರಿಸಿಕೊಳ್ಳಿ. ಲ್ಯಾಪ್‌ಟಾಪ್‌ಗೆ ಜೋಡಿಸುವವರು ಅದರ ಎಚ್‌ಡಿಎಂಐ ಅಥವಾ ಟೈಪ್-ಸಿ ಪೋರ್ಟ್ ಎಷ್ಟು ಹರ್ಟ್ಸ್ ಕಳಿಸಬಲ್ಲದು ಎಂಬುದನ್ನು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಕೊಳ್ಳುವ ದಿನ, ಕೊಂಡ ಮೇಲೆ

ಸ್ಟ್ಯಾಂಡ್ ಅಗ್ಗದ ಮಾನಿಟರ್‌ನ ಸೊರಗಿದ ಅಂಗ. ಬಹಳಷ್ಟು ಮಾನಿಟರ್‌ಗಳಲ್ಲಿ ಪರದೆಯನ್ನು ಹಿಂದೆ ಮುಂದೆ ಬಾಗಿಸಬಹುದೇ ಹೊರತು ಎತ್ತರಿಸಲಾಗದು. ಹಿಂಬದಿಯಲ್ಲಿ 75 ಅಥವಾ 100 ಮಿಲಿಮೀಟರ್ ಅಂತರದ ನಾಲ್ಕು ತಿರುಪಿನ ತೂತುಗಳಿದ್ದರೆ ಮುಂದೆ ಬೇರೆ ಸ್ಟ್ಯಾಂಡ್ ಹಾಕಿಕೊಳ್ಳಬಹುದು. ವಾರಂಟಿ ಮೂರು ವರ್ಷದ್ದೇ, ದುರಸ್ತಿಗೆ ಕಂಪನಿಯವರು ಮನೆಗೆ ಬರುತ್ತಾರೆಯೇ ಅಥವಾ ನಾವೇ ಹೊತ್ತೊಯ್ಯಬೇಕೇ ಎಂದು ಕೇಳಿ. ಕಲಬುರಗಿಯಲ್ಲೋ ಶಿವಮೊಗ್ಗದಲ್ಲೋ ಇರುವವರು ತಮ್ಮ ಊರಿನಲ್ಲಿ ಸರ್ವಿಸ್ ಸೆಂಟರ್ ಇದೆಯೇ ಎಂದು ನೋಡಿಕೊಂಡೇ ಕಂಪನಿಯನ್ನು ಆರಿಸಬೇಕು. 500 ರೂಪಾಯಿ ಉಳಿಸಲು ಹೋಗಿ ಕೆಟ್ಟ ಮಾನಿಟರನ್ನು ಬಸ್ಸಿನಲ್ಲಿ ಬೆಂಗಳೂರಿಗೆ ತರುವ ಪಾಡು ಬೇಡ. ಅಂಗಡಿಯಲ್ಲಿ ಕೊಂಡರೆ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ಲನ್ನೇ ಪಡೆಯಿರಿ, ಆನ್‌ಲೈನ್‌ನಲ್ಲಾದರೆ ಪೆಟ್ಟಿಗೆ ಬಿಚ್ಚುವುದನ್ನು ಒಂದೇ ಸಲಕ್ಕೆ, ನಡುವೆ ನಿಲ್ಲಿಸದೆ ವಿಡಿಯೊ ಮಾಡಿಕೊಳ್ಳಿ.

ಮನೆಯಲ್ಲಿ ಜೋಡಿಸಿದ ಕೂಡಲೇ ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ ಎಂದು ಹೋಗಿ ರಿಫ್ರೆಶ್ ರೇಟನ್ನು ಅತ್ಯಂತ ಮೇಲಿನದಕ್ಕೆ ಬದಲಿಸಿ. ಆ ಪಟ್ಟಿಯಲ್ಲಿ 60 ಮಾತ್ರ ಕಂಡರೆ ಕೇಬಲ್ ತಪ್ಪು ಪೋರ್ಟ್‌ನಲ್ಲಿದೆಯೇ ಎಂದು ನೋಡಿ. ಮಾನಿಟರ್‌ನದೇ ಮೆನುವಿನಲ್ಲಿ ಅಡಾಪ್ಟಿವ್ ಸಿಂಕ್ ಆನ್ ಮಾಡಿ, ಓವರ್‌ಡ್ರೈವನ್ನು ಮಧ್ಯದ ಮಟ್ಟದಲ್ಲಿಡಿ. ಆಮೇಲೆ ಕೋಣೆಯ ದೀಪ ಆರಿಸಿ ಪರದೆ ತುಂಬ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಂದಾದ ಮೇಲೊಂದು ತೋರಿಸಿ, ಬಣ್ಣ ಬದಲಿಸದೆ ಚುಕ್ಕಿಯಾಗಿ ಉಳಿದ ಪಿಕ್ಸೆಲ್ ಇದೆಯೇ, ಮೂಲೆಗಳಲ್ಲಿ ಬೆಳಕು ಸೋರುತ್ತಿದೆಯೇ ಎಂದು ಹುಡುಕಿ. ಒಂದೆರಡು ಸತ್ತ ಪಿಕ್ಸೆಲ್‌ಗಳನ್ನು ವಾರಂಟಿಯಲ್ಲಿ ದೋಷವೆಂದು ಒಪ್ಪದ ಕಂಪನಿಗಳಿವೆ, ಆದ್ದರಿಂದ ಈ ಪರೀಕ್ಷೆ ಮಾರಾಟಗಾರರು ಕೊಡುವ ವಾಪಸಾತಿಯ ಕೆಲವು ದಿನಗಳೊಳಗೇ ಮುಗಿಯಬೇಕು. ಅಷ್ಟು ದಿನ ಖಾಲಿ ಪೆಟ್ಟಿಗೆಯನ್ನು ಥರ್ಮಕೋಲ್ ಸಮೇತ ಅಟ್ಟದ ಮೇಲಿಡಿ; ಹಳೆ ಪೇಪರಿನವರಿಗೆ ಹಾಕಬೇಡಿ.